ಬಿಸಿಲಲ್ಲಿಟ್ಟ ಥರ್ಮಾಮೀಟರ್ ಅಳೆಯುವುದು ಯಾವುದರ ಬಿಸಿ?

ಪ್ರಶ್ನೆ: ನಮ್ಮ ಕಾರಿನಲ್ಲಿ 43 ಡಿಗ್ರಿ ಅಂತ ತೋರಿಸುತ್ತೆ. ಫೋನ್‌ನಲ್ಲಿ 38. ಹವಾಮಾನ ಇಲಾಖೆ 36 ಅನ್ನುತ್ತೆ. ಇಲಾಖೆಯವರು ನೆರಳಲ್ಲಿ ಅಳೆದು ಕಡಿಮೆ ಹೇಳ್ತಾರೆ ಅಲ್ವಾ? ನಿಜವಾದ ತಾಪಮಾನ ಯಾವುದು?

ಉತ್ತರ: ಪ್ರತಿ ವರ್ಷ ಮಾವಿನಹಣ್ಣಿಗಿಂತ ಮೊದಲೇ ಈ ಪ್ರಶ್ನೆ ಬಂದುಬಿಡುತ್ತದೆ. ಹೋದ ಬೇಸಿಗೆಯಲ್ಲೂ ಉತ್ತರ ಕೊಟ್ಟಿದ್ದೆ, ಅದರ ಹಿಂದಿನ ಬೇಸಿಗೆಯಲ್ಲೂ ಕೊಟ್ಟಿದ್ದೆ. ಇರಲಿ, ಇನ್ನೊಂದು ಸಲ. ಇಲಾಖೆ ಹೇಳುವುದು ಗಾಳಿಯ ತಾಪಮಾನದ ಅಳತೆ. ಕಾರು ತೋರಿಸುವುದೂ ಅಳತೆಯೇ, ಆದರೆ ಅದರಲ್ಲಿ ಟಾರು ರಸ್ತೆ ಮತ್ತು ಬಾನೆಟ್‌ನ ಬಿಸಿಯೂ ಸೇರಿಕೊಂಡಿದೆ. ಫೋನ್ ತೋರಿಸುವುದು ಅಳತೆಯೇ ಅಲ್ಲ. ಅದರ ವಿಷಯ ಕೊನೆಗೆ ಬರುತ್ತದೆ.

ಮೊದಲು ಆ "ನೆರಳಲ್ಲಿ ಅಳೆದು ಸುಳ್ಳು ಹೇಳ್ತಾರೆ" ಅನ್ನುವ ಮಾತು. ಎಷ್ಟು ಹೇಳಿದರೂ ಇದು ಹೋಗುವುದಿಲ್ಲ.

ಸೂರ್ಯನ ಬೆಳಕು ಗಾಳಿಯನ್ನು ನೇರವಾಗಿ ಕಾಯಿಸುವುದು ತುಂಬಾ ಕಡಿಮೆ. ಅದು ನೆಲವನ್ನು ಕಾಯಿಸುತ್ತದೆ, ನೆಲ ತನಗೆ ತಾಗಿದ ಗಾಳಿಯನ್ನು ಕಾಯಿಸುತ್ತದೆ. ಆ ಗಾಳಿ ಮರದ ಕೆಳಗೂ ಓಡಾಡುತ್ತದೆ, ಬಯಲಲ್ಲೂ ಓಡಾಡುತ್ತದೆ. ಹಾಗಾಗಿ ಮರದ ಕೆಳಗಿನ ಗಾಳಿಗೂ ಪಕ್ಕದ ಬಯಲಿನ ಗಾಳಿಗೂ ನೀವು ಅಂದುಕೊಂಡಷ್ಟು ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇರುವುದು ಬಿಸಿಲಿಗೆ ಮೈಯೊಡ್ಡಿದ ವಸ್ತುಗಳಲ್ಲಿ. ನಿಮ್ಮ ತಲೆ, ಸ್ಕೂಟರ್ ಸೀಟು, ಮತ್ತೆ ನೀವು ಬಿಸಿಲಿಗೆ ತೂಗುಹಾಕಿದ ಥರ್ಮಾಮೀಟರ್.

ನಂಬಿಕೆ ಬರದಿದ್ದರೆ ನೀವೇ ಮಾಡಿ ನೋಡಿ. ಒಂದೇ ಥರದ ಎರಡು ಥರ್ಮಾಮೀಟರ್ ತಗೊಳ್ಳಿ. ಒಂದರ ತುದಿಗೆ ಕಪ್ಪು ಬಟ್ಟೆ ಸುತ್ತಿ, ಇನ್ನೊಂದಕ್ಕೆ ಹೊಳೆಯುವ ಅಲ್ಯೂಮಿನಿಯಂ ಹಾಳೆ. ಎರಡನ್ನೂ ಮಧ್ಯಾಹ್ನ ಅಕ್ಕಪಕ್ಕ ಬಿಸಿಲಿಗೆ ಹಿಡಿಯಿರಿ. ಕಪ್ಪು ಬಟ್ಟೆಯದ್ದು ಜಾಸ್ತಿ ತೋರಿಸುತ್ತದೆ. ಸುತ್ತ ಇರುವುದು ಒಂದೇ ಗಾಳಿ, ಸಂಖ್ಯೆ ಮಾತ್ರ ಎರಡು. ಈಗ ಹೇಳಿ, "ನಿಜವಾದ" ತಾಪಮಾನ ಕಪ್ಪು ಬಟ್ಟೆಯದ್ದೋ ಹೊಳೆಯುವ ಹಾಳೆಯದ್ದೋ? ಎರಡನ್ನೂ ಗಾಳಿಯಾಡುವ ನೆರಳಿಗೆ ತನ್ನಿ. ಸ್ವಲ್ಪ ಹೊತ್ತಿನಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ ಸಂಖ್ಯೆಗೆ ಬಂದು ನಿಲ್ಲುತ್ತವೆ. ಅದೇ ಗಾಳಿಯ ತಾಪಮಾನ. ಬಿಸಿಲಲ್ಲಿದ್ದಾಗ ಥರ್ಮಾಮೀಟರ್ ತನ್ನ ಮೈಬಿಸಿಯನ್ನೇ ಅಳೆದು ತೋರಿಸುತ್ತಿತ್ತು.

ಈ ತೊಂದರೆಗೆ ಪರಿಹಾರ 19ನೇ ಶತಮಾನದಲ್ಲೇ ಸಿಕ್ಕಿದೆ. ಸ್ಕಾಟ್ಲೆಂಡ್‌ನಲ್ಲಿ ದೀಪಸ್ತಂಭ ಕಟ್ಟುತ್ತಿದ್ದ ಎಂಜಿನಿಯರ್ ಥಾಮಸ್ ಸ್ಟೀವನ್‌ಸನ್ ಒಂದು ಪೆಟ್ಟಿಗೆ ರೂಪಿಸಿದರು. ಸುತ್ತಲೂ ಓರೆ ಪಟ್ಟಿಗಳಿರುವ, ಬಿಳಿ ಬಣ್ಣ ಬಳಿದ ಮರದ ಪೆಟ್ಟಿಗೆ. ಗಾಳಿ ಒಳಗೆ ಬರಬೇಕು, ಬಿಸಿಲು ಬರಬಾರದು. ಅದನ್ನು ಹುಲ್ಲಿನ ನೆಲದ ಮೇಲೆ ಎದೆಮಟ್ಟಕ್ಕೆ ನಿಲ್ಲಿಸುತ್ತಾರೆ. ಬಾಗಿಲು ನಮ್ಮಲ್ಲಿ ಉತ್ತರಕ್ಕೆ. ಓದಲು ಬಾಗಿಲು ತೆಗೆದಾಗ ಬಿಸಿಲು ನೇರ ಒಳಗೆ ನುಗ್ಗಬಾರದು ಅಂತ. ನೋಡಿ, ಎಷ್ಟು ಸಣ್ಣ ವಿಷಯವನ್ನೂ ಯೋಚಿಸಿದ್ದಾರೆ! ಇದನ್ನೇ ನಾವು ಮೋಸ ಅನ್ನುತ್ತೇವೆ.

ಇನ್ನೊಂದು ಲಾಭವೂ ಇದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರು 39.2 ಡಿಗ್ರಿ ಮುಟ್ಟಿದಾಗ ಅದು ದಾಖಲೆ ಅಂತ ಹೇಳಲು ಆಗಿದ್ದು ಹೇಗೆ? ಹಳೆಯ ಅಳತೆಗಳೂ ಇದೇ ಕ್ರಮದಲ್ಲಿ ನಡೆದಿದ್ದವು. ಒಂದು ವರ್ಷ ಬಿಸಿಲಲ್ಲಿ, ಇನ್ನೊಂದು ವರ್ಷ ತಾರಸಿ ಮೇಲೆ ಅಳೆದಿದ್ದರೆ ಹೋಲಿಕೆಯೇ ಸಾಧ್ಯವಿರಲಿಲ್ಲ.

"ಆದರೆ ನಾವು ಕೆಲಸ ಮಾಡೋದು ಬಿಸಿಲಲ್ಲೇ ಸಾರ್" ಅಂತ ಕೆಲವರು ಕೇಳುತ್ತಾರೆ. ಇದು ನ್ಯಾಯವಾದ ಮಾತು. ಅದಕ್ಕೆ ಬೇರೆ ಅಳತೆ ಇದೆ. ಕಪ್ಪು ಬಣ್ಣದ ಟೊಳ್ಳು ಗೋಳದೊಳಗೆ ಥರ್ಮಾಮೀಟರ್ ಇಟ್ಟು ಬೇಕೆಂದೇ ಬಿಸಿಲಿಗೆ ಇಡುತ್ತಾರೆ. ಜೊತೆಗೆ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ಒಂದು, ಮಾಮೂಲಿ ಥರ್ಮಾಮೀಟರ್ ಒಂದು. ಲೆಕ್ಕದಲ್ಲಿ ಒದ್ದೆ ಬಟ್ಟೆಯದ್ದಕ್ಕೆ 70 ಪಾಲು, ಕಪ್ಪು ಗೋಳಕ್ಕೆ 20, ಮಾಮೂಲಿಗೆ ಬರೀ 10. ಬೆವರು ಆರುತ್ತದೋ ಇಲ್ಲವೋ ಅನ್ನುವುದೇ ಮೈಗೆ ಮುಖ್ಯ, ಅದಕ್ಕೇ ಒದ್ದೆ ಬಟ್ಟೆಗೆ ಅಷ್ಟು ತೂಕ. ಸೈನಿಕರ ತರಬೇತಿ, ಕ್ರೀಡೆ, ಬಯಲು ಕೆಲಸಗಳಿಗೆ ಈ ಅಳತೆ ಬಳಸುತ್ತಾರೆ. ಮಂಗಳೂರಿನ 34 ಡಿಗ್ರಿ ರಾಯಚೂರಿನ 38ಕ್ಕಿಂತ ಜಾಸ್ತಿ ಸುಸ್ತು ಮಾಡಬಲ್ಲದು. ಕರಾವಳಿಯ ತೇವದ ಗಾಳಿಯಲ್ಲಿ ಬೆವರು ಬೇಗ ಆರುವುದಿಲ್ಲ, ಕಾರಣ ಈ ಒದ್ದೆ ಬಟ್ಟೆಯಲ್ಲೇ ಇದೆ.

ಹಾಗಂತ ಪೆಟ್ಟಿಗೆಯೊಳಗಿನ ಸಂಖ್ಯೆ ವೇದವಾಕ್ಯ ಅಂತಲ್ಲ. 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿತು. ದೇಶವೆಲ್ಲ ಗುಲ್ಲೋ ಗುಲ್ಲು. ನಗರದ ಬೇರೆ ಕೇಂದ್ರಗಳಲ್ಲಿ ಮಾತ್ರ 50 ದಾಟಿರಲಿಲ್ಲ. ಇಲಾಖೆ ಹೋಗಿ ಪರೀಕ್ಷಿಸಿದಾಗ ಆ ಸೆನ್ಸರ್ ಸುಮಾರು 3 ಡಿಗ್ರಿ ಜಾಸ್ತಿ ತೋರಿಸುತ್ತಿತ್ತು.

ಇದಕ್ಕಿಂತ ಸ್ವಾರಸ್ಯದ್ದು ಲಿಬಿಯಾದ ಅಲ್ ಅಜೀಜಿಯಾದ ಕಥೆ. 1922ರ ಸೆಪ್ಟೆಂಬರ್ 13ರಂದು ಅಲ್ಲಿ 58 ಡಿಗ್ರಿ ಅಂತ ಬರೆದಿಟ್ಟರು. ಭೂಮಿಯ ಅತಿ ಹೆಚ್ಚು ತಾಪಮಾನ ಅಂತ 90 ವರ್ಷ ಶಾಲೆಗಳಲ್ಲಿ ಅದನ್ನೇ ಉರುಹೊಡೆಸಿದರು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಆ ದಾಖಲೆಯನ್ನು ರದ್ದು ಮಾಡಿತು. ಹಳೆಯ ದಫ್ತರ ತೆಗೆದು ನೋಡಿದಾಗ, ಅನುಭವವಿಲ್ಲದ ಯಾರೋ ಥರ್ಮಾಮೀಟರ್‌ನೊಳಗಿನ ಸಣ್ಣ ಸೂಚಕದ ತಪ್ಪು ತುದಿಯನ್ನು ಓದಿರುವ ಸಾಧ್ಯತೆ ಕಂಡಿತು. ಆ ಸೂಚಕದ ಉದ್ದವೇ ಸುಮಾರು 7 ಡಿಗ್ರಿಯಷ್ಟು! ಅಕ್ಕಪಕ್ಕದ ಊರುಗಳ ಅಂದಿನ ಅಳತೆಗಳ ಜೊತೆಗೂ ಅದು ಹೊಂದುತ್ತಿರಲಿಲ್ಲ. ಒಂದು ಉಪಕರಣವನ್ನು ಒಂಟಿಯಾಗಿ ನಂಬುವ ಪದ್ಧತಿ ಹವಾಮಾನದವರಲ್ಲಿ ಇಲ್ಲ. ನೆರೆಹೊರೆಯನ್ನು ಕೇಳಿಯೇ ಒಪ್ಪುವುದು.

ಈಗ ಫೋನ್. ನಿಮ್ಮ ಫೋನ್‌ನಲ್ಲಿ ಬ್ಯಾಟರಿಯ ಬಿಸಿ ನೋಡುವ ಸೆನ್ಸರ್ ಇದೆ, ಊರಿನ ಬಿಸಿ ನೋಡುವುದು ಇಲ್ಲ. ಆ 38 ಬಂದಿದ್ದು ಯಾವುದೋ ಕಂಪ್ಯೂಟರ್ ಮಾದರಿಯಿಂದ. ಭೂಮಿಯ ಸುತ್ತಲಿನ ಗಾಳಿಯನ್ನು ಚೌಕಗಳಾಗಿ ಕತ್ತರಿಸಿ, ಕೇಂದ್ರಗಳು, ಬಲೂನುಗಳು, ಹಡಗುಗಳು, ವಿಮಾನಗಳು, ಉಪಗ್ರಹಗಳು ಕೊಟ್ಟ ಅಳತೆಗಳನ್ನು ಅದರಲ್ಲಿ ತುಂಬುತ್ತಾರೆ. ಅಳತೆ ಇಲ್ಲದ ಚೌಕಗಳನ್ನು ಭೌತಶಾಸ್ತ್ರದ ಸಮೀಕರಣಗಳು ತುಂಬುತ್ತವೆ. ನಿಮ್ಮೂರಲ್ಲಿ ಥರ್ಮಾಮೀಟರ್ ಇಲ್ಲದಿದ್ದರೂ ಫೋನ್‌ನಲ್ಲಿ ಸಂಖ್ಯೆ ಬರುವುದು ಹೀಗೆ. ಎರಡು ಫೋನ್ ಪಕ್ಕಪಕ್ಕ ಇಟ್ಟಾಗ ಬೇರೆ ಬೇರೆ ತೋರಿಸಿದರೆ ಯಾವುದೂ ಕೆಟ್ಟಿಲ್ಲ, ಎರಡರ ಹಿಂದೆ ಬೇರೆ ಬೇರೆ ಮಾದರಿ ಇದೆ ಅಷ್ಟೇ.

ಯಾರೂ ಕೇಳದಿದ್ದರೂ ಚಾರಣಕ್ಕೆ ಹೋಗುವವರಿಗೆ ಇದನ್ನೂ ಹೇಳಿಬಿಡುತ್ತೇನೆ. ಭಾರತದ ಹೊಸ ಮಾದರಿಯ ಚೌಕ ಸುಮಾರು 6 ಕಿಲೋಮೀಟರ್ ಅಗಲ. ಅದು 2025ರ ಮೇ ತಿಂಗಳಲ್ಲಿ ಬಂತು. ಮೊದಲು 12 ಇತ್ತು. ಒಂದು ಚೌಕಕ್ಕೆ ಒಂದೇ ಎತ್ತರ. ಬಯಲುಸೀಮೆಯಲ್ಲಿ ಇದರಿಂದ ತೊಂದರೆ ಇಲ್ಲ, ಮಲೆನಾಡಿನಲ್ಲಿ ಇದೆ. ಗುಡ್ಡದ ತುದಿ, ಕಣಿವೆ ಎಲ್ಲ ಸೇರಿ ಸರಾಸರಿಯಾಗಿಬಿಡುತ್ತವೆ. ಚಿಕ್ಕಮಗಳೂರು ಪೇಟೆ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಮುಳ್ಳಯ್ಯನಗಿರಿಯ ತುದಿ ಸುಮಾರು 1,930. ಸಾಮಾನ್ಯವಾಗಿ ಒಂದು ಕಿಲೋಮೀಟರ್ ಮೇಲೇರಿದರೆ ತಾಪಮಾನ ಸುಮಾರು 6.5 ಡಿಗ್ರಿ ಇಳಿಯುತ್ತದೆ. ಅಂದರೆ ಫೋನ್ ಪೇಟೆಯ ಸಂಖ್ಯೆ ತೋರಿಸುತ್ತಿದ್ದರೆ, ತುದಿಗೆ ಹೊರಡುವ ಮುಂಚೆ ಅದರಿಂದ 5 ಡಿಗ್ರಿ ಕಳೆದುಕೊಳ್ಳಿ. ಮೇಲಿನ ಗಾಳಿ ತರುವ ಚಳಿ ಈ ಲೆಕ್ಕಕ್ಕೆ ಸೇರಿಲ್ಲ.