ಯಾವ ವರ್ಷದ ಬೆಲ್ ಪೂಲ್ ಬೇಕು?

"ಬೆಲ್ ಪೂಲ್ ಮಾಡಿಕೊಡಿ ಸಾರ್. ನೆಪೋಲಿಯನ್ ಶವ ತಂದ ಹಡಗು. ಕಪ್ಪು ಬಣ್ಣ."

ಮಾಡೆಲ್ ಮಾಡಿಸಲು ಬರುವವರು ಇಷ್ಟು ಹೇಳಿ ಸುಮ್ಮನಾಗುತ್ತಾರೆ. ಯಾವ ವರ್ಷದ್ದು ಎಂದು ಕೇಳಿದರೆ ನನ್ನ ಮುಖ ನೋಡುತ್ತಾರೆ. ಹಡಗು ಒಂದೇ ಅಲ್ವಾ?

ಅಲ್ಲ. ಮೊದಲನೆಯದಾಗಿ, ಆ ಹೆಸರಿನ ಹಡಗುಗಳೇ ಹಲವು. 1778ರಲ್ಲಿ ಇಂಗ್ಲಿಷರ ಅರೆಥೂಸಾ ಹಡಗಿನ ಜೊತೆ ಕಾದಾಡಿದ್ದು ಹಳೆಯದು. ಫ್ರೆಂಚ್ ನೌಕಾಪಡೆಯಲ್ಲಿ ಈಗಲೂ ಓಡಾಡುವ ಎರಡು ಹಾಯಿಕಂಬದ್ದು 1932ರದ್ದು. ದಯವಿಟ್ಟು ಅದರ ಫೋಟೋ ತರಬೇಡಿ. ನಮ್ಮದು ಮೂರು ಹಾಯಿಕಂಬದ, 60 ತೋಪಿನ ಫ್ರಿಗೇಟ್, ಅಂದರೆ ವೇಗದ ಯುದ್ಧನೌಕೆ. ಫ್ರಾನ್ಸಿನ ಶೆರ್ಬೂರ್ ಬಂದರಿನಲ್ಲಿ 1828ಕ್ಕೆ ಕೆಲಸ ಶುರುವಾಗಿ 1834ರಲ್ಲಿ ನೀರಿಗಿಳಿಯಿತು. ಕಟ್ಟಿದ್ದು ಚಾವಣಿಯ ಕೆಳಗೆ. ಹಾಗಾಗಿ ಆತುರ ಇಲ್ಲದಾಗ ಕೆಲಸ ನಿಲ್ಲಿಸಿದರೂ ಮರ ಮಳೆಗೆ ನೆನೆಯುತ್ತಿರಲಿಲ್ಲ.

ಕಪ್ಪು ಬಣ್ಣ ಬಳಿದದ್ದು 1840ರಲ್ಲಿ, ನೆಪೋಲಿಯನ್ ಸತ್ತ ಸೇಂಟ್ ಹೆಲೀನಾ ದ್ವೀಪದ ಪ್ರಯಾಣಕ್ಕೆಂದೇ. 1834ರ ಮಾಡೆಲ್‌ಗೆ ಅದನ್ನು ಬಳಿದರೆ ತಪ್ಪು. 1840 ಅಂದರೂ ಸಾಲದು, ತಿಂಗಳು ಹೇಳಿ. ಜುಲೈನಲ್ಲಿ ಫ್ರಾನ್ಸಿನ ತೂಲೋನ್ ಬಂದರು ಬಿಟ್ಟಾಗ ಒಳಗೆ ಗಣ್ಯರಿಗಾಗಿ ಕಟ್ಟಿದ ತಾತ್ಕಾಲಿಕ ಕೋಣೆಗಳಿದ್ದವು. ಅಕ್ಟೋಬರ್ 18ಕ್ಕೆ ಶವಪೆಟ್ಟಿಗೆ ಹೊತ್ತು ದ್ವೀಪದಿಂದ ಹೊರಟಿತು. ದಾರಿಯಲ್ಲಿ ಬ್ರಿಟನ್ ಜೊತೆ ಯುದ್ಧ ಆಗಬಹುದೆಂಬ ಸುದ್ದಿ ಬಂತು. ಕಪ್ತಾನ ಜ್ವಾಂವೀಲ್ ಫ್ರಾನ್ಸಿನ ರಾಜನ ಮಗ. ತೋಪುಗಳಿಗೆ ಜಾಗ ಬೇಕೆಂದು ಆ ಕೋಣೆಗಳ ಗೋಡೆಗಳನ್ನು ಒಡೆಸಿಬಿಟ್ಟ. ನವೆಂಬರ್ 30ಕ್ಕೆ ಶೆರ್ಬೂರ್ ಮುಟ್ಟಿದ್ದು ಒಳಗಿನಿಂದ ಬೇರೆಯದೇ ಹಡಗು.

ಆಮೇಲೆ ಕ್ರಿಮಿಯಾ ಯುದ್ಧದಲ್ಲಿ ಸಾಗಾಣಿಕೆ ಕೆಲಸ. 1861ರಲ್ಲಿ ನೌಕಾಪಡೆಯ ಪಟ್ಟಿಯಿಂದ ಹೆಸರು ತೆಗೆದರು. ಕಥೆ ಇಲ್ಲಿಗೆ ಮುಗಿಯಿತು ಎಂದುಕೊಳ್ಳುವವರೇ ಜಾಸ್ತಿ. 1888ರವರೆಗೆ ಅದು ಸಿಡಿಮದ್ದಿನ ಉಗ್ರಾಣವಾಗಿತ್ತು. ನೀರಿಗಿಳಿದ ಮೇಲೆ ಪಟ್ಟಿಯಲ್ಲಿ ಇದ್ದದ್ದು 27 ವರ್ಷ, ಉಗ್ರಾಣವಾಗಿ ಇದ್ದದ್ದೂ 27 ವರ್ಷ. ಈ ಎರಡನೇ ಬಾಳಿನ ಮಾಡೆಲ್ ಮಾಡಬೇಕೆಂದು ನನಗೆ ತುಂಬಾ ಆಸೆ. ಆದರೆ ಒಳ್ಳೆಯ ನಕ್ಷೆ ಕೈಯಲ್ಲಿ ಇಲ್ಲದೆ ಅಂದಾಜಿನ ಮೇಲೆ ಮರ ಕೊರೆಯಲಾರೆ.

ಈಚೆಗೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ನಾನು ಬಾಯಿ ತೆರೆಯುವ ಮೊದಲೇ "1840, ನವೆಂಬರ್ ಕೊನೆ" ಎಂದರು. ಕಣ್ಣು ತುಂಬಿ ಬಂತು. ಒಂದು ಪಕ್ಕ ತೆರೆದಿಟ್ಟು, ಒಳಗೆ ತೋಪು ಕೂರಿಸುತ್ತಿದ್ದೇನೆ. ಒಡೆದ ಗೋಡೆಗಳ ಹಲಗೆಯನ್ನೂ ಕಡ್ಡಿಪೆಟ್ಟಿಗೆಯಷ್ಟು ಡಬ್ಬಿಯಲ್ಲಿ ಹಾಕಿ ಪಕ್ಕಕ್ಕಿಡಿ ಎಂದಿದ್ದಾರೆ ಮೇಷ್ಟ್ರು.