ಮೊಬೈಲ್ ಕೈಗೆತ್ತಿಕೊಳ್ಳುವ ಮುಂಚಿನ ನಿಮಿಷ

"ಡಾಕ್ಟ್ರೇ, ಇವನ ಮೊಬೈಲ್ ಒಮ್ಮೆ ಬಿಡಿಸಿ ಕೊಡಿ ಮಾರಾಯ್ರೆ." ಮಂಗಳೂರಿನ ನನ್ನ ಕ್ಲಿನಿಕ್‌ಗೆ ಕಾಲೇಜು ಮಕ್ಕಳನ್ನು ಕರೆತರುವ ಹೆತ್ತವರ ಮೊದಲ ಮಾತು ಹೆಚ್ಚಾಗಿ ಇದೇ. ದಿನಕ್ಕೆ ಎಷ್ಟು ಗಂಟೆ ನೋಡುತ್ತಾನೆ ಅನ್ನುವ ಲೆಕ್ಕ ಅವರ ಬಳಿ ಇರುತ್ತದೆ. ನನಗೆ ಬೇಕಾದ್ದು ಬೇರೆ: ಮೊಬೈಲ್ ಕೈಗೆತ್ತಿಕೊಳ್ಳುವ ಮುಂಚೆ ಮನಸ್ಸಿನಲ್ಲಿ ಏನಿತ್ತು?

ಒಬ್ಬ ಎಂಜಿನಿಯರಿಂಗ್ ಹುಡುಗ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ). ಘಟ್ಟದ ಮೇಲಿನ ಊರು, ಕನ್ನಡ ಮೀಡಿಯಂ, ಸುರತ್ಕಲ್‌ನ ಪಿಜಿಯಲ್ಲಿ ವಾಸ. ಊಟದ ಹೊತ್ತಿಗೆ ಉಳಿದವರು ತುಳು, ಇಂಗ್ಲಿಷ್ ಬೆರೆಸಿ ನಗುತ್ತಾ ಮಾತಾಡುತ್ತಾರೆ. ನಡುವೆ ಬಾಯಿ ಹಾಕಲು ಇವನಿಗೆ ಭಯ. ತಟ್ಟೆ ಹಿಡಿದು ರೂಮಿಗೆ ಬರುತ್ತಾನೆ. ಮೊಬೈಲನ್ನು ನೀರಿನ ಬಾಟಲಿಗೆ ಒರಗಿಸಿ ಗೇಮ್ ಶುರು ಮಾಡುತ್ತಾನೆ. ಎಡಗೈಯಲ್ಲಿ ಆಟ, ಬಲಗೈಯಲ್ಲಿ ಸಾರು ಒಣಗಿ ಅಂಟಿರುತ್ತದೆ. ಕೈ ತೊಳೆಯಲು ಏಳುವಾಗ ರಾತ್ರಿ 2 ಗಂಟೆ. ಬೆಳಗ್ಗಿನ ಕ್ಲಾಸ್ ತಪ್ಪುತ್ತದೆ, ಹಾಜರಾತಿ ಇಳಿಯುತ್ತದೆ, ಆ ಹೆದರಿಕೆ ಮರೆಯಲು ಮತ್ತೆ ಗೇಮ್. ಅಲ್ಲಿ ಅವನೇ ಟೀಮ್ ಲೀಡರ್. ಅಲ್ಲಿ ಯಾರೂ ಅವನ ಇಂಗ್ಲಿಷ್ ಕೇಳುವುದಿಲ್ಲ.

ಇದನ್ನು ಸೋಮಾರಿತನ ಅಂದುಬಿಟ್ಟರೆ ಅನ್ಯಾಯ ಅಲ್ವಾ? ಜನರೆದುರು ಮಾತಾಡುವ ಭಯ, ಒಂಟಿತನ, ಖಿನ್ನತೆ, ತನ್ನ ಬಗ್ಗೆಯೇ ಕೀಳರಿಮೆ ಇರುವವರು ಮೊಬೈಲ್ ಗೀಳಿಗೆ ಬೇಗ ಸಿಕ್ಕಿಬೀಳುತ್ತಾರೆ. ಎಡಿಎಚ್‌ಡಿ (ಗಮನ ನಿಲ್ಲದ, ಚಡಪಡಿಕೆಯ ಸಮಸ್ಯೆ) ಇದ್ದವರಿಗೂ ಅಪಾಯ ಜಾಸ್ತಿ. ಪುಸ್ತಕ ತಡವಾಗಿ ಕೊಡುವ ಖುಷಿಯನ್ನು ರೀಲ್ಸ್ ಕ್ಷಣದಲ್ಲಿ ಕೊಡುತ್ತದೆ. ಹಾಗಂತ ಎಲ್ಲ ತಪ್ಪೂ ಮನಸ್ಸಿನದ್ದೇ ಅಲ್ಲ. ನಿದ್ದೆಗೆಟ್ಟು ನೋಡಿದರೆ ಬೇಸರ ಹೆಚ್ಚುತ್ತದೆ, ಬೇಸರ ಹೆಚ್ಚಿದಂತೆ ಇನ್ನಷ್ಟು ನೋಡುತ್ತಾರೆ.

2022ರಲ್ಲಿ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಕಾಯಿಲೆ ಇದೆ. ಹಿಡಿತ ತಪ್ಪುವುದು, ಬೇರೆಲ್ಲಕ್ಕಿಂತ ಆಟವೇ ಮುಖ್ಯವಾಗುವುದು, ನಷ್ಟ ಕಂಡರೂ ಬಿಡದಿರುವುದು ಅದರ ಲಕ್ಷಣ. ಸಾಮಾನ್ಯವಾಗಿ ಇವು 12 ತಿಂಗಳು ಕಾಣಿಸಿರಬೇಕು. ಪರೀಕ್ಷೆ ಮುಗಿದ ಮೇಲೆ ಒಂದು ವಾರ ಆಡಿದವರಿಗೆಲ್ಲ ಈ ಹೆಸರು ಅಂಟಿಸಬೇಡಿ.

ಹೆತ್ತವರಲ್ಲಿ ಕೇಳಿಕೊಳ್ಳುತ್ತೇನೆ, ಮೊಬೈಲ್ ಕಿತ್ತುಕೊಳ್ಳಬೇಡಿ. ಇದ್ದ ಒಂದೇ ಆಸರೆ ಹೋದರೆ ಮಗು ಇನ್ನಷ್ಟು ಕುಸಿಯಬಹುದು. ಡಾಕ್ಟರ ಬಳಿ ಬರಲು ಹಿಂಜರಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಆ ಹುಡುಗನಿಗೆ ನಾವು ಮೊದಲು ಹಿಡಿದದ್ದು ಮಾತಿನ ಭಯವನ್ನು. ರೂಮ್‌ಮೇಟ್ ಒಬ್ಬನ ಜೊತೆ ಕೆಳಗೆ ಕೂತು ಉಣ್ಣಬೇಕು, 10 ನಿಮಿಷ ಸಾಕು, ಅಷ್ಟೇ ಕೆಲಸ. ಮೂರನೇ ವಾರಕ್ಕೆ ಮಾಡಿದ. ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಾಗ ಗೇಮ್ ಮತ್ತೆ ಜಾಸ್ತಿಯಾಯಿತು. ಆ ಸಲ ಅಪ್ಪ ಕರೆತರಲಿಲ್ಲ, ಅವನೇ ಫೋನ್ ಮಾಡಿ ಬಂದ.