ಗ್ರೀಸ್ ನಕ್ಷೆಯೊಳಗೊಂದು ಗ್ರಹಣ

1545ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ ಒಂದು ಲ್ಯಾಟಿನ್ ಪುಸ್ತಕ ಅಚ್ಚಾಯಿತು. ಬರೆದವನು ಸ್ಟ್ರಾಸ್‌ಬರ್ಗ್‌ನ ವಿದ್ವಾಂಸ ನಿಕೊಲಾಸ್ ಗೆರ್ಬೆಲ್. ಅಚ್ಚು ಹಾಕಿದವನು ಒಪೊರಿನಸ್. ಎರಡು ವರ್ಷ ಮೊದಲು ವೆಸೇಲಿಯಸ್‌ನ ಅಂಗರಚನೆಯ ದೊಡ್ಡ ಪುಸ್ತಕ ಬಂದಿದ್ದೂ ಇದೇ ಅಚ್ಚುಕೂಟದಿಂದ.

ಗೆರ್ಬೆಲ್ ಬರೆದಿದ್ದು ಒಂದು ನಕ್ಷೆಯ ವಿವರಣೆ. ಆ ನಕ್ಷೆ ಕೊರ್ಫು ದ್ವೀಪದ ನಿಕೊಲಾವೋಸ್ ಸೊಫಿಯಾನೋಸ್‌ನದು. ಅವನ ಕಾಲಕ್ಕೆ ಅಥೆನ್ಸ್ ಆಟೊಮನ್ ತುರ್ಕರ ಕೈಯಲ್ಲಿತ್ತು. ಅವನು ಬಿಡಿಸಿದ್ದು ಮಾತ್ರ ಹಳೇ ಗ್ರೀಸನ್ನು, ಹಳೇ ಊರುಗಳ ಹೆಸರಿನ ಸಮೇತ. ಗೆರ್ಬೆಲ್‌ನ ಪುಸ್ತಕದಲ್ಲಿ ಊರುಗಳ ಚಿತ್ರಗಳೂ ಇವೆ. ಅವೆಲ್ಲ ಬರೀ ಕಲ್ಪನೆ. ಅಥೆನ್ಸ್ ನೋಡಿದರೆ ಯುರೋಪಿನ ಯಾವುದೋ ಕೋಟೆ ಊರಿನ ಹಾಗಿದೆ.

ಇಂಥದ್ದನ್ನು ನೋಡಿ, "ಆ ಕಾಲದವರಿಗೆ ಏನೂ ಗೊತ್ತಿರಲಿಲ್ಲ" ಅನ್ನುವವರು ಜಾಸ್ತಿ. ನನಗೆ ಆ ಮಾತು ಕೇಳಿದರೇ ಸಿಟ್ಟು ಬರುತ್ತದೆ. ಚಿತ್ರ ಕಲ್ಪನೆಯಿರಬಹುದು, ನಕ್ಷೆಯ ಹಿಂದೆ ಲೆಕ್ಕ ಇತ್ತು. ಆ ಲೆಕ್ಕದ ದಾರಿ ಬಹಳ ಹಳೆಯದು. ಎರಡನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದ ಖಗೋಳ, ಭೂಗೋಳ ಪಂಡಿತ ಟಾಲೆಮಿ ಸುಮಾರು 8000 ಜಾಗಗಳನ್ನು ಅಕ್ಷಾಂಶ, ರೇಖಾಂಶಗಳ ಅಂಕಿಯಲ್ಲಿ ಬರೆದಿಟ್ಟಿದ್ದ. ಚಿತ್ರವನ್ನು ಕೈಯಿಂದ ಕೈಗೆ ನಕಲು ಮಾಡುತ್ತಾ ಹೋದರೆ ಕೆಡುತ್ತದೆ. ಅಂಕಿ ಅಷ್ಟು ಸುಲಭಕ್ಕೆ ಕೆಡುವುದಿಲ್ಲ. ಚುಕ್ಕಿ ರಂಗೋಲಿ ಹಾಗೇ ಅಲ್ವಾ? "15ರಿಂದ 8" ಅಂತ ಚುಕ್ಕಿ ಲೆಕ್ಕ ಬರೆದುಕೊಂಡರೆ ಮುಂದಿನ ವರ್ಷವೂ ಅದೇ ರಂಗೋಲಿ ಬರುತ್ತದೆ. ಸಾವಿರ ವರ್ಷ ದಾಟಿಯೂ ಟಾಲೆಮಿಯ ನಕ್ಷೆಗಳನ್ನು ಹೊಸದಾಗಿ ಬಿಡಿಸಲು ಆಗಿದ್ದು ಹೀಗೆ.

ಅಕ್ಷಾಂಶ ತಿಳಿಯಲು ಒಂದು ಕೋಲು ಸಾಕು. ಹಗಲು ರಾತ್ರಿ ಸಮ ಇರುವ ದಿನ, ನಡು ಮಧ್ಯಾಹ್ನ ಒಂದು ಮೀಟರ್ ಕೋಲನ್ನು ಅಂಗಳದಲ್ಲಿ ನೆಟ್ಟಗೆ ನಿಲ್ಲಿಸಿ. ಬೆಂಗಳೂರಲ್ಲಿ ನೆರಳು ಸುಮಾರು 23 ಸೆಂಟಿಮೀಟರ್. ಅಥೆನ್ಸ್‌ನಲ್ಲಿ 78. ಉತ್ತರಕ್ಕೆ ಹೋದಷ್ಟೂ ನೆರಳು ಉದ್ದ.

ಕಷ್ಟವೆಲ್ಲ ರೇಖಾಂಶದ್ದು. ದುಬೈಯಲ್ಲಿರುವ ಮಗನಿಗೆ ಫೋನ್ ಮಾಡಿ "ಅಲ್ಲೀಗ ಎಷ್ಟು ಗಂಟೆ?" ಅಂತ ಕೇಳುತ್ತೇವೆ. ಎರಡು ಊರಿನ ಸೂರ್ಯನ ಹೊತ್ತಿಗೆ ಒಂದು ಗಂಟೆ ಅಂತರವಿದ್ದರೆ ರೇಖಾಂಶಕ್ಕೆ 15 ಡಿಗ್ರಿ ಅಂತರ. ಆದರೆ ಆಗ ಫೋನ್ ಇರಲಿಲ್ಲ. ದೂರದ ಇಬ್ಬರಿಗೂ ಒಂದೇ ಕ್ಷಣದಲ್ಲಿ ಕಾಣುವಂಥದ್ದು ಏನಾದರೂ ಬೇಕಿತ್ತು. ಇಡೀ ಊರಿಗೆ ಒಟ್ಟಿಗೆ ಕೇಳುವ ದೇವಸ್ಥಾನದ ಗಂಟೆಯ ಹಾಗೆ, ಎಲ್ಲ ಮನೆಯ ಟಿವಿಯಲ್ಲೂ ಒಟ್ಟಿಗೆ ಬೀಳುವ ವಿಕೆಟ್‌ನ ಹಾಗೆ. ಆಕಾಶದಲ್ಲಿ ಅಂಥದ್ದೊಂದಿದೆ: ಚಂದ್ರಗ್ರಹಣ! ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದು ಒಂದೇ ಸಲ. ಚಂದ್ರ ಕಾಣುವ ಊರಿನವರೆಲ್ಲ ಅದನ್ನು ಒಟ್ಟಿಗೇ ನೋಡುತ್ತಾರೆ. ಅವರವರ ಊರಿನ ಹೊತ್ತು ಮಾತ್ರ ಬೇರೆ.

ಕ್ರಿ.ಪೂ. 331ರ ಸೆಪ್ಟೆಂಬರ್ 20ರ ಗ್ರಹಣ ಕಂಡು ಅಲೆಕ್ಸಾಂಡರನ ಸೈನಿಕರು ಹೆದರಿದರು. ಅದೇ ಗ್ರಹಣ ಟಾಲೆಮಿಗೆ ಅಳತೆಪಟ್ಟಿಯಾಯಿತು. ಈಗಿನ ಇರಾಕಿನ ಅರ್ಬೇಲಾದಲ್ಲಿ ರಾತ್ರಿಯ (ಸೂರ್ಯ ಮುಳುಗಿದ ಮೇಲಿನ) ಐದನೇ ಗಂಟೆಗೆ, ಈಗಿನ ಟುನೀಶಿಯಾದ ಕಾರ್ಥೇಜಿನಲ್ಲಿ ಎರಡನೇ ಗಂಟೆಗೆ ಕಂಡಿತು ಎಂದು ಬರೆದ. ಅಂದರೆ ಅಂತರ ಮೂರು ಗಂಟೆ, 45 ಡಿಗ್ರಿ. ನಿಜವಾದ ಅಂತರ ಸುಮಾರು 34. ವಿಧಾನ ಸರಿ, ಹೊತ್ತು ಗುರುತು ಮಾಡಿದ್ದು ತಪ್ಪು. ಹಾಗಾಗಿಯೂ, ಭೂಮಿಯನ್ನು ಚಿಕ್ಕದೆಂದು ತಿಳಿದದ್ದರಿಂದಲೂ ಅವನ ಮೆಡಿಟರೇನಿಯನ್ ಸಮುದ್ರ 42ರ ಬದಲು 62 ಡಿಗ್ರಿಗೆ ಎಳೆದುಕೊಂಡಿತು. ಇಂಥ ದಾಖಲೆ ತೀರಾ ಕಡಿಮೆ ಎಂದು ಅವನೇ ಬೇಸರಪಟ್ಟಿದ್ದಾನೆ.

ನಮ್ಮಲ್ಲಿ ಇವತ್ತಿಗೂ ಗ್ರಹಣ ಬಂದರೆ ನೀರಿಗೆ ದರ್ಭೆ ಹಾಕಿ, ಬಾಗಿಲು ಹಾಕಿಕೊಂಡು ಕೂರುವವರಿದ್ದಾರೆ. ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಟಾಲೆಮಿಯ ಪಟ್ಟಿಯಲ್ಲಿ ಅಥೆನ್ಸ್ ಜೊತೆಗೆ ನಮ್ಮ ಬನವಾಸಿಯೂ ಇದೆ. ಕ್ರಿ.ಪೂ. 331ರ ಆ ರಾತ್ರಿ ಅದೇ ಚಂದ್ರ ಬನವಾಸಿಯ ನೆಲದ ಮೇಲೂ ಇದ್ದ. ಮೋಡ ಇಲ್ಲದಿದ್ದರೆ, ಅಂಗಳಕ್ಕೆ ಬಂದು ತಲೆ ಎತ್ತಿದ ಯಾರಿಗಾದರೂ ಗ್ರಹಣ ಕಾಣುತ್ತಿತ್ತು.